ಕೆಡಲೊಲ್ಲದ ವಾಷಿಂಗ್ ಮಷೀನು

ಚಾಮರಾಜಪೇಟೆಯ ಶಿವರುದ್ರಪ್ಪನವರಿಗೆ ಕೋಪ ಬರುವುದಕ್ಕೆ ಕಾರಣ ಬೇಕಾಗಿರಲಿಲ್ಲ. ಕಾಫಿ ಬಿಸಿಯಿದ್ದರೆ ನಾಲಿಗೆ ಸುಟ್ಟಿತೆಂದು ಕೋಪ, ಆರಿದ್ದರೆ ಆರಿತೆಂದು ಕೋಪ. ಆದರೆ ಆ ಫೆಬ್ರವರಿಯ ಬೆಳಗ್ಗೆ ಅವರಿಗೆ ಬಂದ ಕೋಪಕ್ಕೆ ಮಾತ್ರ ಗಟ್ಟಿಯಾದ ಕಾರಣವಿತ್ತು. ಅವರ ಮನೆಯ ವಾಷಿಂಗ್ ಮಷೀನು ಕೆಟ್ಟಿರಲಿಲ್ಲ.

ಮಷೀನು ಕೆಟ್ಟಿತೆಂದು ಕೂಗಾಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕೆಡಲಿಲ್ಲವೆಂದು ಕೂಗಾಡಿದವರು, ನಮಗೆ ತಿಳಿದಮಟ್ಟಿಗೆ, ಇವರೊಬ್ಬರೇ. ಆದ್ದರಿಂದ ವಿಷಯವನ್ನು ಮೊದಲಿನಿಂದಲೇ ಹೇಳಬೇಕು.

ಆ ಬೆಳಗ್ಗೆ ಫೋನಿಗೆ ಒಂದು ಸಂದೇಶ ಬಂದಿತ್ತು. "ಪ್ರಿಯ ಗ್ರಾಹಕರೇ, ನಿಮ್ಮ ವಾಷಿಂಗ್ ಮಷೀನಿನ ನಿಶ್ಚಿಂತ ಪ್ಲಸ್ ರಕ್ಷಣೆ ಇನ್ನು ನಲವತ್ತು ದಿನಗಳಲ್ಲಿ, ಮಾರ್ಚ್ ಹದಿನೆಂಟರ ಸಂಜೆ ಆರಕ್ಕೆ ಮುಗಿಯಲಿದೆ. ನಿಮ್ಮ ನೆಮ್ಮದಿಯೇ ನಮ್ಮ ನೆಮ್ಮದಿ."

"ಇವರ ನೆಮ್ಮದಿಗೆ ಬೆಂಕಿ ಬೀಳ!" ಎಂದು ಶಿವರುದ್ರಪ್ಪನವರು ಫೋನನ್ನು ಹಾಸಿಗೆಯ ಮೇಲೆ ಎಸೆದರು. ನೆಲದ ಮೇಲೆ ಎಸೆಯಲಿಲ್ಲ. ಕೋಪದಲ್ಲೂ ಅವರು ವ್ಯಾಪಾರಸ್ಥರೇ.

ನಾಲ್ಕು ವರ್ಷದ ಹಿಂದೆ ಆ ಮಷೀನು ಕೊಂಡ ದಿನ ಅಂಗಡಿಯ ಹುಡುಗ ಒಂದೇ ಒಂದು ಪ್ರಶ್ನೆ ಕೇಳಿದ್ದ. "ಕಂಪನಿ ಗ್ಯಾರಂಟಿ ಒಂದು ವರ್ಷ ಸಾರ್. ಆಮೇಲೆ ಕೆಟ್ರೆ?" ಮೂವತ್ತೈದು ವರ್ಷ ಚಿಕ್ಕಪೇಟೆಯಲ್ಲಿ ಗುಂಡಿ, ದಾರ, ಲೇಸು ಮಾರಿದ ಶಿವರುದ್ರಪ್ಪನವರಿಗೆ ಅರ್ಧ ಡಜನ್ ಗುಂಡಿ ಕಡಿಮೆ ಕೊಟ್ಟು ಜೀರ್ಣಿಸಿಕೊಂಡವರು ಯಾರೂ ಇರಲಿಲ್ಲ. ಅಂಥವರು ಈ "ಆಮೇಲೆ ಕೆಟ್ರೆ" ಎಂಬ ಎರಡು ಪದಕ್ಕೆ ಮಂಡಿಯೂರಿಬಿಟ್ಟರು. ಕಂಪನಿಯ ಗ್ಯಾರಂಟಿ ಮುಗಿದ ಮೇಲೂ ಮೂರು ವರ್ಷ ಕಾಯುವ ನಿಶ್ಚಿಂತ ಪ್ಲಸ್ ಪ್ಲಾನಿಗೆ ಅಲ್ಲೇ ರುಜು ಹಾಕಿದರು.

ಪಕ್ಕದಲ್ಲಿದ್ದ ಹೆಂಡತಿ ಶೈಲಜಮ್ಮ ಮೆಲ್ಲಗೆ ಹೇಳಿದ್ದರು. "ರೀ, ಆ ದುಡ್ಡಲ್ಲಿ ಹಿತ್ತಲಿಗೊಂದು ಬಲೆ ಹಾಕ್ಸಿ. ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಪಾರಿವಾಳ ಗಲೀಜು ಮಾಡ್ತವೆ. ಮಷೀನು ಕೆಟ್ಟಾಗ ನೋಡ್ಕೊಂಡ್ರಾಯ್ತು."

ಇಡೀ ಅಂಗಡಿಗೆ ಕೇಳುವಂತೆ ಶಿವರುದ್ರಪ್ಪನವರು ನಕ್ಕಿದ್ದರು. "ನಿನಗೆ ಮುಂದಾಲೋಚನೆ ಅನ್ನೋದೇ ಇಲ್ಲ ಕಣೇ. ನೋಡ್ತಾ ಇರು. ಒಂದಿನ ನೀನೇ ನಿನ್ನ ಬಾಯಲ್ಲೇ ಹೇಳ್ತೀಯ, ಆ ಪ್ಲಾನ್ ತಗೊಂಡಿದ್ದು ಒಳ್ಳೇದಾಯ್ತು ಅಂತ."

"ನೋಡೋಣ," ಎಂದಿದ್ದರು ಶೈಲಜಮ್ಮ.

ಆಮೇಲೆ ಅವರು ಆ ಮಾತೆತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅದರ ಬದಲು ಪಾರಿವಾಳ ಹೊಲಸು ಮಾಡಿದ ಒಂದೊಂದು ಅಂಗಿಯನ್ನೂ ತಂದು ಗಂಡನ ಕಣ್ಣೆದುರು ಒಂದು ಗಳಿಗೆ ಹಿಡಿದು, ಏನೂ ಹೇಳದೆ, ಮತ್ತೆ ಮಷೀನಿಗೆ ಹಾಕುತ್ತಿದ್ದರು. ನಾಲ್ಕು ವರ್ಷ ಶಿವರುದ್ರಪ್ಪನವರು ಆ ಒಂದು ವಾಕ್ಯಕ್ಕಾಗಿ ಕಾದರು. ಹೆಂಡತಿಯ ಬಾಯಿಂದ ಅದು ಬರಬೇಕಾದರೆ ಮಷೀನು ಕೆಡಬೇಕು. ಮಷೀನು ಕೆಡಲಿಲ್ಲ. ಕೆಲಸ ಮುಗಿದಾಗಲೆಲ್ಲ ಅದು ಟಿಂಟಿಣಿ ಎಂದು ಒಂದು ಚಿಕ್ಕ ರಾಗ ಹಾಡುತ್ತಿತ್ತು. ಆ ರಾಗ ಕೇಳಿದರೆ ಶಿವರುದ್ರಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ನಲವತ್ತು ದಿನ ಮಾತ್ರ ಉಳಿದಿತ್ತು.

ಅವರು ಬೀರುವಿನಿಂದ ಪ್ಲಾನಿನ ಪುಸ್ತಕ ತೆಗೆದು, ಭೂತಗನ್ನಡಿ ಹಿಡಿದು, ಇಪ್ಪತ್ತನಾಲ್ಕು ಪುಟವನ್ನೂ ಓದಿದರು. ಬೇಕೆಂದು ಕೆಡಿಸಿದರೆ ರಿಪೇರಿ ಇಲ್ಲ. ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ಇಲ್ಲ. ಹಣ ಪಡೆದು ಬಟ್ಟೆ ಒಗೆದರೆ ಅದು ವ್ಯಾಪಾರ, ಆಗಲೂ ಇಲ್ಲ. ಬಟ್ಟೆ ಒಗೆದು ಒಗೆದು ತಾನಾಗಿಯೇ ಸವೆದು ಕೆಟ್ಟರೆ ಮಾತ್ರ ಮೋಟರಿನಿಂದ ಮೊಳೆಯವರೆಗೆ ಎಲ್ಲವೂ ಉಚಿತ. ಸುತ್ತಿಗೆ ತೆಗೆದುಕೊಂಡು ಒಂದೇಟು ಹಾಕಿ ಸುಳ್ಳು ಹೇಳಬಹುದಿತ್ತು. ಆದರೆ ದಿನವೂ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ಮನುಷ್ಯ ಅವರು. ಸುಳ್ಳು ಹೇಳುವಂತಿಲ್ಲ. ನ್ಯಾಯವಾಗಿಯೇ ಅದರ ಸೊಂಟ ಮುರಿಯಬೇಕು.

"ಕೊಡೇ, ಏನೇನಿದೆ ಎಲ್ಲ ಕೊಡು!" ಎಂದು ಗುಡುಗಿದರು.

ಶೈಲಜಮ್ಮ ಕೊಟ್ಟರು. ಅಂದು ಪರದೆ, ಚಾದರ, ದಿಂಬಿನ ಚೀಲ ಒಗೆದದ್ದಾಯಿತು. ಮರುದಿನ ರಜಾಯಿ, ಕಾಲೊರೆಸುವ ಚಾಪೆ, ಟಿವಿಯ ಮೇಲಿನ ಕಸೂತಿ ಬಟ್ಟೆ. ನಾಲ್ಕನೆಯ ದಿನ ಮನೆಯಲ್ಲಿ ಕೊಳೆಯಾದದ್ದು ಏನೂ ಉಳಿಯಲಿಲ್ಲ. ಶಿವರುದ್ರಪ್ಪನವರು ಒಗೆದದ್ದನ್ನೇ ಮತ್ತೆ ಒಗೆದರು. ಅವರ ಮದುವೆಯ ಜರಿಪಂಚೆ ಮೂರು ಸಲ ಮಷೀನಿಗೆ ಹೋಗಿ ಬಂದು ಟವೆಲಿನಷ್ಟಾಯಿತು. ಮಷೀನು ಮಾತ್ರ ಟಿಂಟಿಣಿ ಎಂದಿತು. ಏಳನೆಯ ದಿನ ಶಿವರುದ್ರಪ್ಪನವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, "ನಿಂಗೆ ಮಾನ ಮರ್ಯಾದೆ ಇದೆಯೇನೇ?" ಎಂದು ಕೇಳಿದ್ದನ್ನು ಶೈಲಜಮ್ಮ ಅಡುಗೆಮನೆಯಿಂದಲೇ ಕೇಳಿಸಿಕೊಂಡರು.

ಎಂಟನೆಯ ದಿನ ಅಂಗಡಿಗೆ ಹೊರಟಾಗ ಅವರ ಹೊಟ್ಟೆಗೆ ಕೊಳ್ಳಿ ಇಟ್ಟಂಥ ದೃಶ್ಯವೊಂದು ಕಣ್ಣಿಗೆ ಬಿತ್ತು. ಎದುರುಮನೆಯ ಜಗುಲಿಯ ಮೇಲೆ ತರಕಾರಿ ವ್ಯಾಪಾರದ ಧರ್ಮರಾಜುವಿನ ವಾಷಿಂಗ್ ಮಷೀನು ತುಂಡುತುಂಡಾಗಿ ಬಿದ್ದಿತ್ತು. ಅದೇ ಅಂಗಡಿ, ಅದೇ ದಿನ, ಅದೇ ಕಂಪನಿಯ ಮಷೀನು. ಧರ್ಮರಾಜು ಯಾವ ಪ್ಲಾನನ್ನೂ ಕೊಂಡಿರಲಿಲ್ಲ. ಕಲಾಸಿಪಾಳ್ಯದ ಮೆಕ್ಯಾನಿಕ್ ಒಬ್ಬ ಅದರ ಹೊಟ್ಟೆಯೊಳಗೆ ಕೈಹಾಕಿ ಕೂತಿದ್ದ.

"ಏನಾಯ್ತಯ್ಯ?" ಶಿವರುದ್ರಪ್ಪನವರು ರಸ್ತೆ ದಾಟಿ ಬಂದರು.

"ಮತ್ತೆ ಕೈಕೊಡ್ತು ಅಣ್ಣಾ. ಇದು ಮೂರನೇ ಸಲ," ಎಂದ ಧರ್ಮರಾಜು.

"ಮೂರು ಸಲಾನಾ!" ಶಿವರುದ್ರಪ್ಪನವರಿಗೆ ಕಣ್ಣು ಕತ್ತಲೆ ಬಂತು. ಯಾವ ಪ್ಲಾನೂ ಇಲ್ಲದವನ ಮನೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಕೆಡುತ್ತಿದೆ! ಬೇರಿಂಗು ಬೇರೆ, ಬೆಲ್ಟು ಬೇರೆ, ಮೋಟರು ಬೇರೆ! ಜಗತ್ತಿನಲ್ಲಿ ನ್ಯಾಯವೆಂಬುದು ಇದೆಯೇ? "ಎಷ್ಟು ಒಗೀತೀರ ದಿನಕ್ಕೆ? ಏನ್ ಹಾಕ್ತೀರ ಇದಕ್ಕೆ?"

ಧರ್ಮರಾಜುವಿನ ಹೆಂಡತಿ ಪಿಳ್ಳಮ್ಮ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದರು. "ಮಾರ್ಕೆಟ್ ಬಟ್ಟೆ ಅಣ್ಣಾ, ಮಣ್ಣು ಜಾಸ್ತಿ. ಒಂದೊಂದ್ ಪಂಚೇಲೂ ಅರ್ಧ ಕೆಜಿ ಮಣ್ಣಿರುತ್ತೆ. ಇನ್ನೇನ್ ಮಾಡೋದು, ರಿಪೇರಿ ಆಗೋವರ್ಗೂ ಕೈಯಲ್ಲೇ ಒಗೀಬೇಕು."

ಅರ್ಧ ಕೆಜಿ ಮಣ್ಣು! ಶಿವರುದ್ರಪ್ಪನವರ ತಲೆಯೊಳಗೆ ಬೆಳಕಾಯಿತು.

"ಕೈಯಲ್ಲಿ ಯಾಕ್ರೀ ಒಗೀತೀರ? ನಮ್ಮನೆಗೆ ತನ್ನಿ!"

ಮೆಕ್ಯಾನಿಕ್‌ನ ಕೈಯಿಂದ ಸ್ಪ್ಯಾನರು ಕೆಳಗೆ ಬಿತ್ತು. ಅವನಿಗೂ ಈ ಬೀದಿಯ ಸಮಾಚಾರ ಗೊತ್ತಿತ್ತೆಂದು ಕಾಣುತ್ತದೆ. ಮೂವತ್ತು ವರ್ಷದಲ್ಲಿ ಶಿವರುದ್ರಪ್ಪನವರು ಯಾರಿಗೂ ಹಳೆಯ ಪೇಪರು ಕೂಡ ಓದಲು ಕೊಟ್ಟವರಲ್ಲ. ಪಕ್ಕದ ಮನೆಯವರು ಏಣಿ ಕೇಳಿದಾಗ ಏಣಿಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದ್ದವರು.

"ಬೇಡ ಬಿಡಿ ಅಣ್ಣಾ, ನಿಮಗ್ಯಾಕೆ ತೊಂದ್ರೆ," ಎಂದರು ಪಿಳ್ಳಮ್ಮ, ಒಂದು ಹೆಜ್ಜೆ ಹಿಂದೆ ಸರಿದು.

"ತೊಂದ್ರೆ ಅಂತ ನಾನು ಹೇಳಿದ್ನಾ? ಹೇಳಿದ್ನಾ? ಸಂಜೆ ಐದಕ್ಕೆ ಬಟ್ಟೆ ನಮ್ಮನೇಲಿರಬೇಕು. ಮಣ್ಣು ಕೊಡವಬೇಡಿ, ಹಾಗೇ ತನ್ನಿ!"

ಸಂಜೆ ಪಿಳ್ಳಮ್ಮ ಹೆದರುತ್ತ ಎರಡು ಗಂಟು ತಂದರು. ಶಿವರುದ್ರಪ್ಪನವರು ಬಿಚ್ಚಿ ನೋಡಿ ಕೆಂಡವಾದರು. "ಇಷ್ಟೇನಾ? ಇವನ್ನೇನು ಹಬ್ಬಕ್ಕೆ ಉಟ್ಟಿದ್ರಾ? ಕೊಳೆ ಎಲ್ಲಿದೆ ಇದ್ರಲ್ಲಿ?" ಪಿಳ್ಳಮ್ಮ ಸಂಕೋಚದಿಂದ ಸೊಂಟದ ಚೀಲಕ್ಕೆ ಕೈಹಾಕಿ, "ಸೋಪಿನ ಪುಡಿಗಾದ್ರೂ ಇಷ್ಟು ಇಟ್ಕೊಳ್ಳಿ," ಎಂದು ನೋಟು ಚಾಚಿದ್ದೇ ತಡ, ಶಿವರುದ್ರಪ್ಪನವರು ಹಾವು ತುಳಿದವರಂತೆ ಹಾರಿದರು. ಹಣ ಪಡೆದರೆ ವ್ಯಾಪಾರ, ವ್ಯಾಪಾರವಾದರೆ ರಿಪೇರಿ ಇಲ್ಲ! "ದುಡ್ಡು ಗಿಡ್ಡು ಅಂದ್ರೆ ಬಟ್ಟೆ ತಗೊಂಡು ಬೀದಿಗೆ ಎಸೀತೀನಿ! ಈ ಮನೇಲಿ ಒಂದು ಪೈಸೆ ಮುಟ್ಟಲ್ಲ ನಾನು!"

ಪಿಳ್ಳಮ್ಮನ ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಗಂಡನಿಗೆ ಹೇಳಿದರು, ಗಂಡ ಮಾರ್ಕೆಟ್ಟಿನಲ್ಲಿ ಹೇಳಿದ, ಎರಡು ದಿನದಲ್ಲಿ ಬೀದಿಗೆಲ್ಲ ಸುದ್ದಿಯಾಯಿತು. ಶಿವರುದ್ರಪ್ಪನವರು ಬದಲಾಗಿದ್ದಾರೆ. ಬಾಯಿ ಹಾಗೇ ಇದೆ, ಒಳಗಿನ ಮನುಷ್ಯ ಬದಲಾಗಿದ್ದಾನೆ.

ಹನ್ನೆರಡನೆಯ ದಿನ ಬೆಳಗ್ಗೆ ಬಾಗಿಲು ತೆಗೆದರೆ ಹನ್ನೊಂದು ಜನ ಬಕೆಟ್ಟು, ಗಂಟು ಹಿಡಿದು ನಿಂತಿದ್ದರು. ಶಿವರುದ್ರಪ್ಪನವರಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಆದರೆ ಸಂತೋಷಪಟ್ಟು ಅಭ್ಯಾಸವಿರಲಿಲ್ಲವಾದ್ದರಿಂದ ಅದೂ ಕೋಪವಾಗಿಯೇ ಹೊರಬಂತು. "ಹೀಗೆ ಕುರಿ ನಿಂತ ಹಾಗೆ ನಿಂತ್ರೆ ಯಾವಾಗ ಮುಗಿಸೋದು? ಸಾಲಾಗಿ ನಿಲ್ರೀ! ಜೀನ್ಸ್ ಇರೋವ್ರು ಮುಂದೆ ಬನ್ನಿ, ಕರವಸ್ತ್ರದೋರು ಮನೆಗೆ ಹೋಗಿ!"

ಅಂದಿನಿಂದ ಚಿಕ್ಕಪೇಟೆಯ ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟು ಅವರು ಬಚ್ಚಲುಮನೆಯಲ್ಲೇ ಠಿಕಾಣಿ ಹೂಡಿದರು. ಹಿತ್ತಲ ಬೋರ್‌ವೆಲ್ಲಿನ ನೀರಿಗೆ ಬರವಿರಲಿಲ್ಲ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹಾಕುವುದು, ತೆಗೆಯುವುದು, ಹಿಂಡಿ ಕೊಡುವುದು, ಬೈಯುವುದು. ತಮ್ಮ ಮನೆಯ ಬಟ್ಟೆಯನ್ನೂ ಅವರೇ ಹಾಕಿ, ಅವರೇ ಒಣಗಿಸಿ, ಪಾರಿವಾಳಗಳನ್ನು ಅವರೇ ಓಡಿಸಿ, ಅವರೇ ಮಡಚಿಟ್ಟರು. ಶೈಲಜಮ್ಮ ವರಾಂಡದಲ್ಲಿ ಕೂತು ಸಾಲಿನಲ್ಲಿದ್ದ ಹೆಂಗಸರಿಗೆ ಕಾಫಿ ಕೊಟ್ಟು ಕಷ್ಟಸುಖ ಮಾತಾಡತೊಡಗಿದರು. ಮೂವತ್ತು ವರ್ಷ ಈ ಮನೆಯ ಮೆಟ್ಟಿಲು ಹತ್ತಲು ಹೆದರಿದ್ದ ಹೆಂಗಸರು ಈಗ ದಿನಕ್ಕೆರಡು ಸಲ ಹತ್ತಿಳಿಯುತ್ತಿದ್ದರು.

ಇಂಥದ್ದೊಂದು ಬೀದಿಯಲ್ಲಿ ನಡೆಯುತ್ತಿದ್ದರೆ ಭಾಗೀರಥಮ್ಮನವರು ಸುಮ್ಮನಿರುವುದುಂಟೇ? ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷೆ. ವರ್ಷಕ್ಕೆ ಒಬ್ಬರಿಗಾದರೂ ಶಾಲು ಹೊದಿಸಿ ಸನ್ಮಾನ ಮಾಡದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಸನ್ಮಾನಕ್ಕೆ ಯೋಗ್ಯರಾದವರೆಲ್ಲ ಹಿಂದಿನ ವರ್ಷಗಳಲ್ಲೇ ಮುಗಿದುಹೋಗಿದ್ದರು. ಈ ವರ್ಷ ಯಾರೂ ಸಿಗದೆ ಒದ್ದಾಡುತ್ತಿದ್ದರು. ಅವರು ನೋಟ್‌ಬುಕ್ಕು ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ಬಂದು ನಿಂತರು.

"ಶಿವರುದ್ರಪ್ಪನವ್ರೇ, ಇದನ್ನ ಯಾಕೆ ಮಾಡ್ತಿದೀರಿ ಅಂತ ಕೇಳಬಹುದಾ?"

"ನನ್ನ ಹಣೆಬರಹ!" ಎಂದರು ಶಿವರುದ್ರಪ್ಪನವರು, ಯಾರದೋ ಪ್ಯಾಂಟು ಝಾಡಿಸುತ್ತ.

"ಎಷ್ಟು ದಿನ ಮಾಡ್ತೀರಿ?"

"ಹದಿನೆಂಟನೇ ತಾರೀಖಿನವರೆಗೆ. ನಲವತ್ತು ದಿನ. ಅಷ್ಟರೊಳಗೆ ಆಗಬೇಕು!"

"ಏನಾಗಬೇಕು?"

ಶಿವರುದ್ರಪ್ಪನವರು ತುಟಿ ಕಚ್ಚಿಕೊಂಡರು. ಅದನ್ನು ಹೇಳಿದರೆ ಬೇಕೆಂದು ಕೆಡಿಸಿದಂತಾಗುತ್ತದೋ ಏನೋ, ಪುಸ್ತಕದಲ್ಲಿ ಸ್ಪಷ್ಟವಾಗಿರಲಿಲ್ಲ. "ಅದೆಲ್ಲ ಬಾಯಿಬಿಟ್ಟು ಹೇಳೋ ಹಾಗಿಲ್ಲ ಮೇಡಂ. ದಾರಿ ಬಿಡಿ."

ಭಾಗೀರಥಮ್ಮನವರಿಗೆ ಎಲ್ಲವೂ ಅರ್ಥವಾಗಿಹೋಯಿತು. ನಲವತ್ತು ದಿನ, ಗೊತ್ತು ಮಾಡಿದ ತಾರೀಖು, ಬಾಯಿಬಿಟ್ಟು ಹೇಳಬಾರದ ಬೇಡಿಕೆ, ಹಣ ಮುಟ್ಟದ ನೇಮ. ಇದು ಸಂಕಲ್ಪವಲ್ಲದೆ ಮತ್ತೇನು? ಊರಿನವರ ಕೊಳೆ ತೊಳೆಯುವ ಕಾಯಕವನ್ನು ಹರಕೆ ಹೊತ್ತು ಮಾಡುತ್ತಿದ್ದಾರೆ ಈ ಮಹಾನುಭಾವರು! ಅವರು ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ "ಮಾರ್ಚ್ ಹದಿನೆಂಟು, ಸನ್ಮಾನ" ಎಂದು ಬರೆದು, ಬಾಗಿಲಿಗೆ ಕೈಮುಗಿದು ಹೋದರು. ಮರುದಿನದಿಂದ ಬಟ್ಟೆ ತಂದವರು ಚಪ್ಪಲಿ ಹೊರಗೆ ಬಿಟ್ಟು ಬರತೊಡಗಿದರು. ಒಬ್ಬಾಕೆ ಮಷೀನಿಗೆ ಒಂದು ಮೊಳ ಕನಕಾಂಬರ ಮುಡಿಸಿದಳು.

"ಹೂವು ತೆಗೀರೀ! ತಗ್ಗಿ ಬಗ್ಗಿ ನಡೀಬೇಡಿ, ಬಟ್ಟೆ ತುಂಬ್ರೀ!" ಎಂದು ಶಿವರುದ್ರಪ್ಪನವರು ಕಿರುಚಿದಷ್ಟೂ ಭಕ್ತಿ ಹೆಚ್ಚಿತು. ಇಷ್ಟು ಸೇವೆ ಮಾಡಿಯೂ ಎಳ್ಳಷ್ಟು ನಯ ತೋರಿಸದ ಮನುಷ್ಯನಲ್ಲಿ ಆಡಂಬರವಿಲ್ಲವೆಂದು ಜನ ಕೊಂಡಾಡಿದರು.

ಇಪ್ಪತ್ತೈದನೆಯ ದಿನ ಕಾರ್ಪೊರೇಷನ್ನಿನ ಇನ್ಸ್‌ಪೆಕ್ಟರ್ ಗೌರೀಶ್ ಬಂದ. ಸೋಪಿನ ನೊರೆ ಮೋರಿ ತುಂಬಿ ರಸ್ತೆಗೆ ಬಂದಿತ್ತು. ಒಂದು ಸ್ಕೂಟರು ಅದರ ಮೇಲೆ ಜಾರಿ, ಸವಾರನನ್ನು ಮೆತ್ತಗೆ ಧರ್ಮರಾಜುವಿನ ಟೊಮೇಟೊ ಬುಟ್ಟಿಯೊಳಗೆ ಕೂರಿಸಿ ಹೋಗಿತ್ತು. ಯಾರೋ ದೂರು ಕೊಟ್ಟಿದ್ದರು.

"ಲಾಂಡ್ರಿ ನಡೆಸ್ತಿದೀರಂತೆ. ಲೈಸೆನ್ಸ್ ಎಲ್ಲಿ?" ಎಂದ ಗೌರೀಶ್.

"ಲಾಂಡ್ರಿ ಅಲ್ರೀ ಇದು!"

"ಒಂದು ಪ್ಯಾಂಟಿಗೆ ಎಷ್ಟು ತಗೋತೀರ?"

"ಒಂದು ಪೈಸೆ ತಗೊಳ್ಳಲ್ಲ!"

"ಮತ್ತೆ ಯಾಕೆ ಒಗೀತೀರ?"

"ನನ್ನಿಷ್ಟ! ನನ್ನ ಮಷೀನು, ನನ್ನ ನೀರು, ನನ್ನ ಸೋಪು! ನೀವ್ಯಾರು ಕೇಳಕ್ಕೆ?"

ಸರ್ಕಾರಿ ನೌಕರಿಯಲ್ಲಿ ಹದಿನಾರು ವರ್ಷ ಕಳೆದ ಗೌರೀಶ್, ಬಿಟ್ಟಿಯಾಗಿ ಕೆಲಸ ಮಾಡುತ್ತ ಅದಕ್ಕಾಗಿ ಇಷ್ಟು ಜೋರಾಗಿ ಜಗಳವಾಡುವವರನ್ನು ನೋಡಿರಲಿಲ್ಲ. ಲೈಸೆನ್ಸಿನ ಫಾರ್ಮಿನಲ್ಲಿ ಇಂಥದ್ದಕ್ಕೆ ಕಾಲಂ ಇರಲಿಲ್ಲ. ಅವನು ಪೆನ್ನು ಮುಚ್ಚಿ, ಸ್ವರ ತಗ್ಗಿಸಿ ಕೇಳಿದ. "ಸಾರ್, ನಮ್ಮ ಆಫೀಸಿನ ಪರದೆ ಒಗೆದು ಹನ್ನೆರಡು ವರ್ಷ ಆಗಿದೆ. ತಗೊಂಬರ್ಲಾ?"

"ಹನ್ನೆರಡು ವರ್ಷಾನಾ?" ಶಿವರುದ್ರಪ್ಪನವರು ಮೊದಲ ಬಾರಿಗೆ ಸರ್ಕಾರವನ್ನು ಪ್ರೀತಿಯಿಂದ ನೋಡಿದರು.

ಪರದೆ ಬರಲು ಕಚೇರಿಯ ಮೂರು ಮೇಜಿನ ಅಪ್ಪಣೆ ಬೇಕಾಯಿತು. ಮಾರ್ಚ್ ಹದಿನೇಳರ ಬೆಳಗ್ಗೆ ಅವು ಬಂದವು. ಮೂಲ ಬಣ್ಣ ಯಾವುದೆಂದು ತಂದವನಿಗೂ ಗೊತ್ತಿರಲಿಲ್ಲ. ಶಿವರುದ್ರಪ್ಪನವರು ಕೈಯಾರೆ ತುರುಕಿ, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ನಿಂತರು. ಮಷೀನು ತಿರುಗಿತು. ನರಳಿತು. ಕುಣಿಯುತ್ತ ಗೋಡೆಯವರೆಗೆ ಹೋಯಿತು. ಒಳಗೆಲ್ಲೋ ಫಟ್ ಎಂದಿತು. ರಬ್ಬರು ಸುಟ್ಟ ವಾಸನೆ ಬಂತು. ಟಿಂ ಎಂದಿತು. ಟಿಣಿ ಎನ್ನಲಿಲ್ಲ.

"ಕೆಡ್ತು! ಶೈಲಾ, ಕೆಟ್ಟೋಯ್ತು ಕಣೇ! ಕೆಟ್ಟೇಹೋಯ್ತು!"

ಅವರ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತಿದ್ದ ಪಿಳ್ಳಮ್ಮ ಅದನ್ನು ನೋಡಿ ತಾವೂ ಅತ್ತುಬಿಟ್ಟರು. ವ್ರತಕ್ಕೆ ಇನ್ನೊಂದೇ ದಿನ ಉಳಿದಿತ್ತು, ಪಾಪ! "ಅಳಬೇಡಿ ಅಣ್ಣಾ, ಶಿವ ನೋಡ್ತಿರ್ತಾನೆ," ಎಂದು ಸೆರಗು ಬಾಯಿಗಿಟ್ಟುಕೊಂಡು ಓಡಿದರು.

ಶಿವರುದ್ರಪ್ಪನವರು ನಿಶ್ಚಿಂತ ಪ್ಲಸ್‌ಗೆ ಫೋನು ಮಾಡಿದರು. ನಾಳೆ ಮಧ್ಯಾಹ್ನ ಮೂರಕ್ಕೆ ಟೆಕ್ನಿಷಿಯನ್ ಬರುತ್ತಾನೆಂದು ಉತ್ತರ ಬಂತು. ಗಡುವು ಆರಕ್ಕೆ. ಮೂರು ಗಂಟೆ ಬಾಕಿಯಿತ್ತು, ಸಾಕು. ಅವರು ಬಚ್ಚಲುಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟರು. "ಹೊರಗಿನವರು ಯಾರೂ ಮುಟ್ಟಬಾರದು. ಮುಟ್ಟಿದ್ರೆ ಎಲ್ಲ ಮುಗೀತು. ನಾಳೆ ನೀನೇ ಹೇಳ್ತೀಯ ನೋಡು, ಏನ್ ಹೇಳಬೇಕೋ ಅದನ್ನ."

"ನೋಡೋಣ," ಎಂದರು ಶೈಲಜಮ್ಮ.

ಮರುದಿನ ಹನ್ನೊಂದಕ್ಕೆ ಸಂಘದ ಸಭಾಂಗಣದಲ್ಲಿ ಸನ್ಮಾನ. ಶಿವರುದ್ರಪ್ಪನವರು ಬರುವುದಿಲ್ಲವೆಂದು ಹಟ ಹಿಡಿದರು. ಹತ್ತು ನಿಮಿಷದ ಕೆಲಸವೆಂದು ಹೇಳಿ ಭಾಗೀರಥಮ್ಮನವರು ಕೈಹಿಡಿದೇ ಕರೆದೊಯ್ದರು. ಅಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಮಾತು, ಆಮೇಲೆ ಆರು ಜನರ ಭಾಷಣ. ಗೌರೀಶ್ ಕೂಡ ಸರ್ಕಾರದ ಪರವಾಗಿ ಮಾತಾಡಿದ. ವೇದಿಕೆಯ ಮೇಲೆ ಪೇಟ ತೊಟ್ಟು, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಶಿವರುದ್ರಪ್ಪನವರು ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದರು. ಎರಡೂ ಮುಕ್ಕಾಲಾಯಿತು.

"ಈಗ ಕೊನೆಯದಾಗಿ," ಎಂದರು ಭಾಗೀರಥಮ್ಮ ಮೈಕಿನಲ್ಲಿ, "ನಿನ್ನೆ ಇವರ ಮಷೀನು ಕೆಟ್ಟು, ಇವರು ಹಸುಗೂಸಿನ ಹಾಗೆ ಅತ್ತದ್ದನ್ನ ಪಿಳ್ಳಮ್ಮನವರು ಕಣ್ಣಾರೆ ನೋಡಿದ್ದಾರೆ. ಇಂಥವರ ಕಾಯಕ ನಿಲ್ಲೋದಕ್ಕೆ ನಾವು ಬಿಡ್ತೀವಾ? ಧರ್ಮರಾಜು, ಸರಿಸಪ್ಪ!"

ಧರ್ಮರಾಜು ಹಿಂದಿನ ಪರದೆ ಸರಿಸಿದ. ಅಲ್ಲಿ ಹಾರ ಹಾಕಿಸಿಕೊಂಡು ಹೊಚ್ಚಹೊಸ ವಾಷಿಂಗ್ ಮಷೀನು ನಿಂತಿತ್ತು. ಹಳೆಯದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಚಪ್ಪಾಳೆಗೆ ಸಭಾಂಗಣದ ಶೀಟುಗಳು ನಡುಗಿದವು.

ಶಿವರುದ್ರಪ್ಪನವರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ಹಳೇದು? ಹಳೇದು ಎಲ್ಲಿ?"

"ಎಕ್ಸ್‌ಚೇಂಜಿಗೆ ಹಾಕಿದ್ವಿ ಅಣ್ಣಾ," ಎಂದ ಧರ್ಮರಾಜು ಹೆಮ್ಮೆಯಿಂದ. "ನೀವಿಲ್ಲಿ ಬಂದ್ರಲ್ಲ, ಅವಾಗ್ಲೇ ನಮ್ ಟೆಂಪೋದಲ್ಲಿ ಹಾಕ್ಕೊಂಡು ಹೋಗಿ ಕೊಟ್ಬಂದೆ. ಅವ್ರು ಅಲ್ಲೇ ಗುಜರಿಗೆ ಒಡೆದು ಹಾಕಿದ್ರು."

ಶಿವರುದ್ರಪ್ಪನವರು ಎದ್ದರು. ಹಣ್ಣಿನ ಬುಟ್ಟಿ ಉರುಳಿ ಮೂಸಂಬಿಗಳು ಸಭಿಕರ ಕಾಲಡಿಗೆ ಓಡಿದವು. ಅವರು ಮೈಕು ಕಿತ್ತುಕೊಂಡರು. ನಲವತ್ತು ದಿನದ ಕೋಪ, ಅದರ ಹಿಂದಿನ ನಾಲ್ಕು ವರ್ಷದ ಕೋಪ, ಎಲ್ಲ ಒಟ್ಟಿಗೆ ಬಾಯಿಗೆ ಬಂತು.

"ಯಾರ್ರೀ ನಿಮಗೆ ಹೇಳಿದ್ದು ಇದು ಕಾಯಕ ಅಂತ? ಯಾರ್ರೀ ಹೇಳಿದ್ದು ಹರಕೆ ಅಂತ? ಕೆಡಲಿ ಅಂತ ಒಗೆದೆ ಕಣ್ರೀ! ಆ ದರಿದ್ರ ಮಷೀನು ಕೆಟ್ಟು ಹಾಳಾಗಿ ಹೋಗಲಿ ಅಂತ ನಿಮ್ಮ ಹೊಲಸು ಪಂಚೆ, ನಿಮ್ಮ ಗಬ್ಬು ಪರದೆ ಎಲ್ಲ ಒಗೆದೆ! ನಿಮ್ಮ ಮೇಲೆ ಪ್ರೀತೀನೂ ಇಲ್ಲ, ಮಣ್ಣೂ ಇಲ್ಲ! ನಾನು ನನ್ನ ಸ್ವಾರ್ಥಕ್ಕೆ ಮಾಡಿದ್ದು, ಸ್ವಾರ್ಥಕ್ಕೆ!"

ಭಾಗೀರಥಮ್ಮನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಇನ್ನೊಂದು ಮೈಕಿಗೆ ಬಂದರು.

"ಕೇಳಿದ್ರಲ್ಲಾ? ನಾನು ಮೂವತ್ತೆರಡು ಜನಕ್ಕೆ ಸನ್ಮಾನ ಮಾಡಿದೀನಿ. ಎಲ್ಲರೂ ಹೊಗಳಿಕೆ ಕೇಳಿ ತಲೆ ತೂಗಿದವರೇ. ಹೊಗಳಿಕೆ ತಡೆಯಲಾರದೆ ತನ್ನ ಮೇಲೆ ತಾನೇ ಅಪವಾದ ಹೊರಿಸಿಕೊಂಡವರನ್ನ ಇವತ್ತೇ ನೋಡಿದ್ದು!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿವರುದ್ರಪ್ಪನವರು ಇನ್ನೂ ಜೋರಾಗಿ ಕೂಗಿದರು. ಜನ ಇನ್ನೂ ಜೋರಾಗಿ ತಟ್ಟಿದರು.

ಮೂರು ಗಂಟೆಗೆ ಸರಿಯಾಗಿ ನಿಶ್ಚಿಂತ ಪ್ಲಸ್‌ನ ಟೆಕ್ನಿಷಿಯನ್ ಬೆನ್ನಿಗೆ ಚೀಲ ಹಾಕಿಕೊಂಡು ಸಭಾಂಗಣಕ್ಕೇ ಬಂದ. ಮನೆಯಿಂದ ಯಾರೋ ಇಲ್ಲಿಗೆ ಕಳಿಸಿದ್ದರು. ಅವನು ವೇದಿಕೆ ಹತ್ತಿ, ಹಾರ ಸರಿಸಿ, ಮಷೀನಿನ ನಂಬರಿನ ಫೋಟೋ ತೆಗೆದ. "ಸಾರ್, ಇದು ಬೇರೆ ಮಷೀನು. ಕೆಟ್ಟಿದ್ದೆಲ್ಲಿ?"

"ಅದನ್ನ ಒಡೆದು ಹಾಕಿದ್ದಾರಪ್ಪ, ಈ ಧರ್ಮಾತ್ಮರು!"

"ಹಂಗಾದ್ರೆ ನಾನೇನೂ ಮಾಡಕ್ಕಾಗಲ್ಲ ಸಾರ್. ಮಷೀನು ಇಲ್ಲ ಅಂತ ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ. ಸರ್ವಿಸ್ ಹೇಗಿತ್ತು ಅಂತ ಐದು ಸ್ಟಾರ್ ಒತ್ತಿಬಿಡಿ."

ಅವನನ್ನು ಹೊಡೆಯಲು ಶಿವರುದ್ರಪ್ಪನವರು ಎತ್ತಿದ ಕೈಗೆ ಭಾಗೀರಥಮ್ಮನವರು ಒಂದು ಲಕೋಟೆ ಇಟ್ಟರು. ಹೊಸ ಮಷೀನಿಗೆ ಬೀದಿಯವರೆಲ್ಲ ಸೇರಿ ಮಾಡಿಸಿದ ಐದು ವರ್ಷದ ನಿಶ್ಚಿಂತ ಪ್ಲಸ್ ಅದರೊಳಗಿತ್ತು.

ಮೆರವಣಿಗೆಯಲ್ಲಿ ಮನೆಗೆ ಬಂದದ್ದಾಯಿತು. ಮಷೀನನ್ನು ಬಚ್ಚಲುಮನೆಯಲ್ಲಿ ಕೂರಿಸಿ, ಆರತಿ ಎತ್ತಿ, ಜನ ಹೋದರು. ಶಿವರುದ್ರಪ್ಪನವರು ಪೇಟ ಕಿತ್ತೆಸೆದು ವರಾಂಡದ ಕುರ್ಚಿಯಲ್ಲಿ ಕುಸಿದರು. ಗಡಿಯಾರ ಆರು ಹೊಡೆಯಿತು. ನಾಲ್ಕು ವರ್ಷ ಕಾದದ್ದು ನೀರುಪಾಲಾಗಿತ್ತು. ಅವರಿಗೆ ಅಳು ಬರುವಂತಾಗಿತ್ತು, ಕೋಪದಿಂದ ಅದನ್ನು ತಡೆದು ಹಿಡಿದಿದ್ದರು.

ಶೈಲಜಮ್ಮ ಕಾಫಿ ತಂದು ಕೈಗಿಟ್ಟು ಎದುರಿಗೆ ಕೂತರು. ಆಮೇಲೆ ಹೇಳಿದರು.

"ರೀ, ಅವತ್ತು ನೀವು ಆ ಪ್ಲಾನ್ ತಗೊಂಡಿದ್ದು ಒಳ್ಳೇದೇ ಆಯ್ತು ಬಿಡಿ."

ಲೋಟ ಬಾಯಿಯ ಹತ್ತಿರವೇ ನಿಂತಿತು. ಕಾಫಿ ಬಿಸಿಯಿತ್ತೋ ಆರಿತ್ತೋ ಶಿವರುದ್ರಪ್ಪನವರಿಗೆ ತಿಳಿಯಲಿಲ್ಲ.

"ಏನಂದೆ?"

"ಒಳ್ಳೇದಾಯ್ತು ಅಂದೆ. ನಲವತ್ತು ದಿನ ಈ ಮನೇಲಿ ಒಂದು ಕರವಸ್ತ್ರ ಒಗೆದಿಲ್ಲ ನಾನು, ಒಣಗಿಸಿಲ್ಲ, ಮಡಚಿಲ್ಲ. ನಾಲ್ಕು ಜನ ಬಂದ್ರು, ಕೂತ್ರು, ಮಾತಾಡಿದ್ರು."

ಶಿವರುದ್ರಪ್ಪನವರ ಮುಖಕ್ಕೆ ನಿಧಾನವಾಗಿ ರಕ್ತ ಏರಿತು. ಬಚ್ಚಲುಮನೆಯ ಬೀಗದ ಕೈ ಯಾರ ಬಳಿ ಇತ್ತೆಂಬುದು ಅವರಿಗೆ ಈಗ ಹೊಳೆಯಿತು.

"ಅಯ್ಯೋ ನಿನ್ನ! ಈ ಒಂದು ಮಾತನ್ನ ನಲವತ್ತು ದಿನದ ಹಿಂದೇನೇ ಹೇಳಿದ್ದಿದ್ರೆ ಊರಿನವರ ಹೊಲಸೆಲ್ಲ ನಾನ್ಯಾಕೆ ಒಗೀತಿದ್ದೆ ಕಣೇ?"

"ಒಗೀತಿರ್ಲಿಲ್ಲ ಅಂತ ಗೊತ್ತಿತ್ತು," ಎಂದು ಶೈಲಜಮ್ಮ ಎದ್ದರು. "ಅದಕ್ಕೇ ಹೇಳ್ಲಿಲ್ಲ."